ಕಾರಿಗೆ ಬದಲಿ ಸ್ಪಾರ್ಕ್ ಪ್ಲಗ್ ಆಯ್ಕೆ: ವಾಹನ ಮಾಲೀಕರಿಗೆ ಮಾಹಿತಿ

ವಾಯುಮಾಲಿನ್ಯ ನಿಯಂತ್ರಣ ಪ್ರಮಾಣಪತ್ರಕ್ಕಾಗಿ ಅಥವಾ 15 ವರ್ಷ ಪೂರೈಸಿದ ನಂತರದ ನೋಂದಣಿ ನವೀಕರಣಕ್ಕಾಗಿ ತರಲಾಗುವ ಪೆಟ್ರೋಲ್ ಕಾರುಗಳಲ್ಲಿ ಕೆಲವು ಹೊಗೆ ತಪಾಸಣೆಯಲ್ಲಿ ಅನುತ್ತೀರ್ಣವಾಗುತ್ತವೆ. ಆಗ ಇಂಜೆಕ್ಟರ್, ಸೆನ್ಸರ್, ಕ್ಯಾಟಲಿಟಿಕ್ ಕನ್ವರ್ಟರ್ ಮುಂತಾದ ದುಬಾರಿ ಭಾಗಗಳ ದುರಸ್ತಿಗೆ ಮಾಲೀಕರು ಮುಂದಾಗುವುದುಂಟು. ದೋಷವಿರುವುದು ಕೆಲವು ನೂರು ರೂಪಾಯಿಗಳ ಸ್ಪಾರ್ಕ್ ಪ್ಲಗ್‌ನಲ್ಲಿಯೂ ಆಗಿರಬಹುದು. ಇನ್ನು ಕೆಲವರು ಪ್ಲಗ್ ಬದಲಾಯಿಸಿದರೂ, ತಮ್ಮ ಎಂಜಿನ್‌ಗೆ ಹೊಂದದ ಪ್ಲಗ್ ಹಾಕಿಸಿ ಹೊಸ ತೊಂದರೆಗೆ ಒಳಗಾಗುತ್ತಾರೆ.

ದಿನನಿತ್ಯದ ಬಳಕೆಯ ಪೆಟ್ರೋಲ್ ಕಾರಿಗೆ ಸರಿಯಾದ ಬದಲಿ ಪ್ಲಗ್ ಆರಿಸುವ ವಿಧಾನವನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ. ಇದರ ಸಾರಾಂಶ ಇಷ್ಟೇ: ಸರಿಯಾದ ಪ್ಲಗ್ ಎಂದರೆ ಅಂಗಡಿಯಲ್ಲಿ ದೊರೆಯುವ ಅತ್ಯಂತ ದುಬಾರಿ ಪ್ಲಗ್ ಅಲ್ಲ, ವಾಹನದ ಮಾಲೀಕರ ಕೈಪಿಡಿಯಲ್ಲಿ ನಮೂದಿಸಿರುವ ಸಂಖ್ಯೆಯ ಪ್ಲಗ್.

1. ಸ್ಪಾರ್ಕ್ ಪ್ಲಗ್‌ನ ಕಾರ್ಯ

ಪೆಟ್ರೋಲ್ ಎಂಜಿನ್‌ನಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣಕ್ಕೆ ಕಿಡಿ ಹೊತ್ತಿಸುವುದು ಸ್ಪಾರ್ಕ್ ಪ್ಲಗ್‌ನ ಕೆಲಸ. ಬ್ಯಾಟರಿಯ 12 ವೋಲ್ಟ್ ವಿದ್ಯುತ್ತನ್ನು ಇಗ್ನಿಷನ್ ಕಾಯಿಲ್ ಹತ್ತಾರು ಸಾವಿರ ವೋಲ್ಟ್‌ಗೆ ಏರಿಸುತ್ತದೆ. ಈ ವಿದ್ಯುತ್ತು ಪ್ಲಗ್‌ನ ಮಧ್ಯದ ಎಲೆಕ್ಟ್ರೋಡ್‌ನಿಂದ ಪಕ್ಕದ ಎಲೆಕ್ಟ್ರೋಡ್‌ಗೆ ಹಾರುವಾಗ ಕಿಡಿ ಉಂಟಾಗುತ್ತದೆ.

ಗಂಟೆಗೆ 50 ಕಿ.ಮೀ. ವೇಗದಲ್ಲಿ ಎಂಜಿನ್ ನಿಮಿಷಕ್ಕೆ 2,500 ಸುತ್ತು ತಿರುಗುತ್ತದೆ ಎಂದು ಭಾವಿಸಿದಲ್ಲಿ, ಒಂದು ಕಿ.ಮೀ. ದೂರಕ್ಕೆ 3,000 ಸುತ್ತುಗಳಾಗುತ್ತವೆ. ಎರಡು ಸುತ್ತಿಗೆ ಒಂದು ಕಿಡಿಯಂತೆ ಪ್ರತಿಯೊಂದು ಪ್ಲಗ್ ಕಿ.ಮೀ.ಗೆ 1,500 ಬಾರಿ, ಅಂದರೆ 20,000 ಕಿ.ಮೀ. ಓಡುವಷ್ಟರಲ್ಲಿ 3 ಕೋಟಿ ಬಾರಿ, ಕಿಡಿ ಹಾರಿಸಿರುತ್ತದೆ. ಪ್ರತಿ ಕಿಡಿಗೂ ಎಲೆಕ್ಟ್ರೋಡ್‌ನ ಲೋಹ ಕಣಮಾತ್ರ ಸವೆಯುತ್ತದೆ. ಆದ್ದರಿಂದ ಎಷ್ಟೇ ಒಳ್ಳೆಯ ಪ್ಲಗ್ ಆದರೂ ನಿಯಮಿತವಾಗಿ ಬದಲಾಯಿಸಲೇಬೇಕಾದ ಭಾಗವಾಗಿದೆ.

ಸಾಮಾನ್ಯವಾಗಿ ಪ್ರತಿ ಸಿಲಿಂಡರ್‌ಗೆ ಒಂದು ಪ್ಲಗ್ ಇರುತ್ತದೆ. ಮಾರುತಿ 800ರಂತಹ ಮೂರು ಸಿಲಿಂಡರ್ ಕಾರಿಗೆ 3, ನಾಲ್ಕು ಸಿಲಿಂಡರ್ ಕಾರಿಗೆ 4 ಪ್ಲಗ್‌ಗಳು ಬೇಕಾಗುತ್ತವೆ. ಇದಕ್ಕೆ ಅಪವಾದಗಳೂ ಇವೆ: ಹೋಂಡಾ ಸಿಟಿಯ ಐ-ಡಿ.ಎಸ್.ಐ. ಎಂಜಿನ್‌ನಲ್ಲಿ ಪ್ರತಿ ಸಿಲಿಂಡರ್‌ಗೆ ಎರಡರಂತೆ 8 ಪ್ಲಗ್‌ಗಳಿವೆ. ಖರೀದಿಗೆ ಮುನ್ನ ಸಂಖ್ಯೆಯನ್ನು ಖಚಿತಪಡಿಸಿಕೊಳ್ಳುವುದು ಒಳಿತು. ಡೀಸೆಲ್ ಮತ್ತು ವಿದ್ಯುತ್ ಚಾಲಿತ ಕಾರುಗಳಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಡೀಸೆಲ್ ಎಂಜಿನ್‌ನ ಗ್ಲೋ ಪ್ಲಗ್ ಬೇರೆಯೇ ಭಾಗ.

2. ಹೊಗೆ ತಪಾಸಣೆಗೂ ಸ್ಪಾರ್ಕ್ ಪ್ಲಗ್‌ಗೂ ಇರುವ ಸಂಬಂಧ

ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 115ರಂತೆ, ಮೊದಲ ನೋಂದಣಿಯಾಗಿ ಒಂದು ವರ್ಷ ಕಳೆದ ನಂತರ ಚಾಲ್ತಿಯಲ್ಲಿರುವ ವಾಯುಮಾಲಿನ್ಯ ನಿಯಂತ್ರಣ ಪ್ರಮಾಣಪತ್ರವನ್ನು ವಾಹನದಲ್ಲಿ ಹೊಂದಿರಬೇಕು. ಭಾರತ್ ಸ್ಟೇಜ್-4 ಮತ್ತು ಭಾರತ್ ಸ್ಟೇಜ್-6 ವಾಹನಗಳಿಗೆ ಪ್ರಮಾಣಪತ್ರದ ಅವಧಿ 12 ತಿಂಗಳು. ಅದಕ್ಕೂ ಹಳೆಯ ವಾಹನಗಳಿಗೆ 6 ತಿಂಗಳು. ಮಾಲಿನ್ಯ ಮಾನಕಗಳ ಉಲ್ಲಂಘನೆಗೆ ವಿಧಿಸಬಹುದಾದ ದಂಡದ ಗರಿಷ್ಠ ಮಿತಿಯನ್ನು ಮೋಟಾರು ವಾಹನಗಳ ಅಧಿನಿಯಮಕ್ಕೆ 2019ರಲ್ಲಿ ತಂದ ತಿದ್ದುಪಡಿಯು 10,000 ರೂಪಾಯಿಗೆ ಏರಿಸಿತು.

ನಾಲ್ಕು ಚಕ್ರದ ಪೆಟ್ರೋಲ್ ವಾಹನಗಳಿಗೆ ಐಡ್ಲಿಂಗ್ ಸ್ಥಿತಿಯಲ್ಲಿ, ಅಂದರೆ ವಾಹನ ನಿಂತು ಎಂಜಿನ್ ಮಾತ್ರ ಓಡುತ್ತಿರುವಾಗ, ನಿಗದಿಯಾಗಿರುವ ಗರಿಷ್ಠ ಮಿತಿಗಳು ಈ ಕೆಳಕಂಡಂತಿವೆ:

ಅ) ಭಾರತ್ ಸ್ಟೇಜ್-2ಕ್ಕಿಂತ ಹಿಂದಿನ ವಾಹನಗಳು: ಕಾರ್ಬನ್ ಮಾನಾಕ್ಸೈಡ್ ಶೇ. 3.0, ಹೈಡ್ರೋಕಾರ್ಬನ್ 1,500 ಪಿ.ಪಿ.ಎಂ.
ಆ) ಭಾರತ್ ಸ್ಟೇಜ್-2 ಮತ್ತು 3: ಕಾರ್ಬನ್ ಮಾನಾಕ್ಸೈಡ್ ಶೇ. 0.5, ಹೈಡ್ರೋಕಾರ್ಬನ್ 750 ಪಿ.ಪಿ.ಎಂ.
ಇ) ಭಾರತ್ ಸ್ಟೇಜ್-4 ಮತ್ತು 6: ಕಾರ್ಬನ್ ಮಾನಾಕ್ಸೈಡ್ ಶೇ. 0.3, ಹೈಡ್ರೋಕಾರ್ಬನ್ 200 ಪಿ.ಪಿ.ಎಂ.

(ಪಿ.ಪಿ.ಎಂ. ಎಂದರೆ ಹತ್ತು ಲಕ್ಷ ಭಾಗಗಳಲ್ಲಿ ಎಷ್ಟು ಭಾಗ ಎಂಬ ಅಳತೆ.)

ಭಾರತ್ ಸ್ಟೇಜ್-4 ಮಾನಕವು ಬೆಂಗಳೂರು ಸೇರಿದಂತೆ ಆಯ್ದ ನಗರಗಳಲ್ಲಿ 2010ರ ಏಪ್ರಿಲ್ 1ರಿಂದ ಹಾಗೂ ದೇಶದಾದ್ಯಂತ 2017ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಆದ್ದರಿಂದ ಒಂದೇ ವರ್ಷ ತಯಾರಾದ ಒಂದೇ ಮಾದರಿಯ ಎರಡು ಕಾರುಗಳಿಗೆ, ನೋಂದಣಿಯಾದ ಊರಿಗೆ ಅನುಗುಣವಾಗಿ, ಮಿತಿಗಳು ಬೇರೆಯಾಗಿರುವ ಸಾಧ್ಯತೆಯಿದೆ.

ಪಟ್ಟಿಯಲ್ಲಿ ಹೆಸರಿಸಿರುವ ಹೈಡ್ರೋಕಾರ್ಬನ್ ಎಂದರೆ ಮುಖ್ಯವಾಗಿ ಉರಿಯದೆ ಹೊರಬಂದ ಪೆಟ್ರೋಲ್. ಕಿಡಿ ತಪ್ಪಿದಾಗ, ಮೆಕ್ಯಾನಿಕ್‌ಗಳ ಮಾತಿನಲ್ಲಿ 'ಮಿಸ್ಸಿಂಗ್' ಆದಾಗ, ಆ ಸಿಲಿಂಡರ್‌ನ ಪೆಟ್ರೋಲ್ ಉರಿಯದೆ ಸೈಲೆನ್ಸರ್ ಕಡೆಗೆ ಸಾಗುತ್ತದೆ. ನಾಲ್ಕು ಸಿಲಿಂಡರ್‌ಗಳಲ್ಲಿ ಒಂದು ಪ್ಲಗ್ ಪೂರ್ತಿ ಕೈಕೊಟ್ಟರೆ ಇಂಧನದ ಕಾಲು ಭಾಗ, ಮೂರು ಸಿಲಿಂಡರ್ ಎಂಜಿನ್‌ನಲ್ಲಿ ಮೂರನೆಯ ಒಂದು ಭಾಗ ಹೀಗೆ ವ್ಯರ್ಥವಾಗುತ್ತದೆ. ಈ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿದು, ವಿಪರೀತ ಶಾಖದಿಂದ ಅದರ ಜೇನುಗೂಡಿನಂತಹ ಭಾಗವನ್ನು ಕರಗಿಸಲೂಬಹುದು. ಒಂದು ಪ್ಲಗ್‌ನ ಬೆಲೆ ಉಳಿಸಲು ಹೋಗಿ ಅದರ ಹಲವು ಪಟ್ಟು ಬೆಲೆಯ ಭಾಗವನ್ನು ಕಳೆದುಕೊಳ್ಳುವುದು ಹೀಗೆಯೇ.

3. ಪ್ಲಗ್‌ನಲ್ಲಿ ಹೊಂದಿಕೆಯಾಗಬೇಕಾದ ಅಂಶಗಳು

ಬದಲಿ ಪ್ಲಗ್ ಈ ಕೆಳಕಂಡ ಎಲ್ಲ ಅಂಶಗಳಲ್ಲಿಯೂ ಎಂಜಿನ್‌ಗೆ ಹೊಂದಬೇಕು. ಒಂದು ಅಂಶ ತಪ್ಪಿದರೂ ಆ ಪ್ಲಗ್ ಸೂಕ್ತವಲ್ಲ.

ಅ) ಥ್ರೆಡ್‌ನ ವ್ಯಾಸ: ಕಾರುಗಳಲ್ಲಿ 14 ಮಿ.ಮೀ. ಬಹಳ ಸಾಮಾನ್ಯ. ಹೊಸ ಎಂಜಿನ್‌ಗಳಲ್ಲಿ 12 ಮಿ.ಮೀ. ಮತ್ತು 10 ಮಿ.ಮೀ. ಪ್ಲಗ್‌ಗಳೂ ಇವೆ.

ಆ) ಥ್ರೆಡ್‌ನ ಉದ್ದ: 19 ಮಿ.ಮೀ. ಮತ್ತು 26.5 ಮಿ.ಮೀ. ಸಾಮಾನ್ಯ ಅಳತೆಗಳು. ಉದ್ದ ಕಡಿಮೆಯಾದರೆ ಕಿಡಿಯ ಜಾಗ ಸಿಲಿಂಡರ್‌ನಿಂದ ಹಿಂದಕ್ಕೆ ಸರಿದು ಮಿಶ್ರಣ ಸರಿಯಾಗಿ ಹೊತ್ತುವುದಿಲ್ಲ. ಖಾಲಿ ಉಳಿದ ಥ್ರೆಡ್‌ನಲ್ಲಿ ಇಂಗಾಲ ಕಟ್ಟುತ್ತದೆ. ಉದ್ದ ಹೆಚ್ಚಾದರೆ ಪಿಸ್ಟನ್ ಪ್ಲಗ್‌ಗೆ ತಗುಲಿ ಎಂಜಿನ್‌ಗೇ ಹಾನಿಯಾಗಬಹುದು.

ಇ) ಕೂರುವ ಭಾಗ: ಕೆಲವು ಪ್ಲಗ್‌ಗಳು ವಾಷರ್ ಸಹಿತ ಚಪ್ಪಟೆಯಾಗಿ ಕೂರುತ್ತವೆ, ಇನ್ನು ಕೆಲವು ವಾಷರ್ ಇಲ್ಲದೆ ಇಳಿಜಾರು ಅಂಚಿನ ಮೇಲೆ ಕೂರುತ್ತವೆ. ಒಂದರ ಬದಲು ಇನ್ನೊಂದನ್ನು ಬಳಸಬಾರದು.

ಈ) ಹೀಟ್ ರೇಂಜ್: ಇದು ಕಿಡಿಯ ಶಾಖದ ಅಳತೆಯಲ್ಲ, ಪ್ಲಗ್ ತನ್ನ ತುದಿಯ ಶಾಖವನ್ನು ಎಷ್ಟು ಬೇಗ ಸಿಲಿಂಡರ್ ಹೆಡ್‌ಗೆ ದಾಟಿಸುತ್ತದೆ ಎಂಬುದರ ಸೂಚಕ. ಬೇಗ ದಾಟಿಸುವುದು 'ಕೋಲ್ಡ್' ಪ್ಲಗ್, ನಿಧಾನವಾಗಿ ದಾಟಿಸುವುದು 'ಹಾಟ್' ಪ್ಲಗ್. ತುದಿಯ ಉಷ್ಣತೆ ಸುಮಾರು 500 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಇಂಗಾಲ ಉರಿದುಹೋಗದೆ ಕಪ್ಪು ಕಟ್ಟುತ್ತದೆ. 800 ಡಿಗ್ರಿಗಿಂತ ಬಹಳ ಮೇಲೇರಿದರೆ ಕಿಡಿಗೆ ಮೊದಲೇ ಮಿಶ್ರಣ ತಾನಾಗಿ ಹೊತ್ತಿಕೊಂಡು ಪಿಸ್ಟನ್‌ಗೆ ಅಪಾಯವಾಗುತ್ತದೆ.

ಉ) ಗ್ಯಾಪ್: ಎರಡು ಎಲೆಕ್ಟ್ರೋಡ್‌ಗಳ ನಡುವಿನ ಅಂತರ. ಬಹುತೇಕ ಕಾರುಗಳಲ್ಲಿ ಇದು 0.7ರಿಂದ 1.1 ಮಿ.ಮೀ.ವರೆಗೆ ಇರುತ್ತದೆ. ನಿಖರ ಅಳತೆ ಕೈಪಿಡಿಯಲ್ಲಿರುತ್ತದೆ.

ಊ) ರೆಸಿಸ್ಟರ್: ಕಿಡಿಯಿಂದ ಉಂಟಾಗುವ ವಿದ್ಯುತ್ ಗದ್ದಲವನ್ನು ತಡೆಯುವ ಒಳಭಾಗ. ಎಂಜಿನ್ ನಿಯಂತ್ರಣಕ್ಕೆ ಎಲೆಕ್ಟ್ರಾನಿಕ್ ಘಟಕವಿರುವ ಕಾರಿಗೆ ರೆಸಿಸ್ಟರ್ ಪ್ಲಗ್ ಸೂಚಿಸಿದ್ದಲ್ಲಿ ರೆಸಿಸ್ಟರ್ ಇಲ್ಲದ ಪ್ಲಗ್ ಬಳಸಬಾರದು.

4. ಪ್ಲಗ್ ಮೇಲಿನ ಸಂಕೇತ ಓದುವ ವಿಧಾನ

ಮೇಲ್ಕಂಡ ವಿವರಗಳಲ್ಲಿ ಹೆಚ್ಚಿನವು ಪ್ಲಗ್ ಮೇಲೆ ಮುದ್ರಿಸಿದ ಸಂಕೇತದಲ್ಲಿ ಅಡಕವಾಗಿರುತ್ತವೆ. ಉದಾಹರಣೆಗೆ ಎನ್.ಜಿ.ಕೆ. ಕಂಪನಿಯ 'ಬಿ.ಪಿ.ಆರ್. 6 ಇ.ಎಸ್.-11' ಎಂಬ ಸಂಕೇತದಲ್ಲಿ:

'ಬಿ' – 14 ಮಿ.ಮೀ. ಥ್ರೆಡ್
'ಪಿ' – ಮುಂಚಾಚಿದ ತುದಿ
'ಆರ್' – ರೆಸಿಸ್ಟರ್ ಇದೆ
'6' – ಹೀಟ್ ರೇಂಜ್
'ಇ' – 19 ಮಿ.ಮೀ. ಥ್ರೆಡ್ ಉದ್ದ
'ಎಸ್' – ಸಾಮಾನ್ಯ ಎಲೆಕ್ಟ್ರೋಡ್
'11' – 1.1 ಮಿ.ಮೀ. ಗ್ಯಾಪ್

ಹೀಟ್ ರೇಂಜ್ ಸಂಖ್ಯೆಯಲ್ಲಿ ಗೊಂದಲಕ್ಕೆ ಅವಕಾಶವಿದೆ. ಎನ್.ಜಿ.ಕೆ. ಮತ್ತು ಡೆನ್ಸೊ ಪ್ಲಗ್‌ಗಳಲ್ಲಿ ಸಂಖ್ಯೆ ಹೆಚ್ಚಿದಂತೆ ಪ್ಲಗ್ ಕೋಲ್ಡ್ ಆಗುತ್ತದೆ. ಬಾಷ್ ಮತ್ತು ಚಾಂಪಿಯನ್ ಪ್ಲಗ್‌ಗಳಲ್ಲಿ ಇದಕ್ಕೆ ತದ್ವಿರುದ್ಧವಾಗಿ, ಸಂಖ್ಯೆ ಹೆಚ್ಚಿದಂತೆ ಹಾಟ್ ಆಗುತ್ತದೆ. ಎನ್.ಜಿ.ಕೆ.ಯ 6ಕ್ಕೆ ಡೆನ್ಸೊ ಕಂಪನಿಯಲ್ಲಿ 20 ಎಂಬುದು ಸರಿಸಮಾನ. ಹೀಗಿರುವಾಗ ಒಂದು ಕಂಪನಿಯ ಪ್ಲಗ್‌ನ ಅಂಕಿಯನ್ನು ಇನ್ನೊಂದು ಕಂಪನಿಯ ಪ್ಲಗ್‌ನಲ್ಲಿ ಹುಡುಕುವುದು ತಪ್ಪು. ಕಂಪನಿ ಬದಲಾಯಿಸಬೇಕಾದಲ್ಲಿ ಆಯಾ ತಯಾರಕರು ಪ್ರಕಟಿಸಿರುವ ವಾಹನವಾರು ಹೊಂದಾಣಿಕೆ ಪಟ್ಟಿಯನ್ನೇ ನೋಡಬೇಕು.

ಹಳೆಯ ಗ್ಯಾರೇಜುಗಳಲ್ಲಿ ಇಂದಿಗೂ 'ಮೈಕೋ ಪ್ಲಗ್' ಎಂಬ ಮಾತು ಕೇಳಿಬರುತ್ತದೆ. ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ಹೊಂದಿದ್ದ ಮೈಕೋ ಕಂಪನಿಯು 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಾಯಿಸಿಕೊಂಡಿತು. ಆದ್ದರಿಂದ ಹಳೆಯ ಮೈಕೋ ಪ್ಲಗ್‌ಗೆ ಬದಲಿ ಹುಡುಕುವವರು ಬಾಷ್ ಪಟ್ಟಿಯಲ್ಲಿ ನೋಡಬಹುದು.

5. ನಿಕಲ್, ಪ್ಲಾಟಿನಂ, ಇರಿಡಿಯಂ: ಯಾವುದು ಸೂಕ್ತ?

ನಿಕಲ್ 1,455, ಪ್ಲಾಟಿನಂ 1,768 ಮತ್ತು ಇರಿಡಿಯಂ 2,446 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತವೆ. ಗಟ್ಟಿಯಾದ ಲೋಹ ನಿಧಾನವಾಗಿ ಸವೆಯುವುದರಿಂದ ಎಲೆಕ್ಟ್ರೋಡನ್ನು ತೆಳುವಾಗಿ ಮಾಡಬಹುದು. ತೆಳುವಾದ ತುದಿಯಿಂದ ಕಡಿಮೆ ವೋಲ್ಟೇಜಿನಲ್ಲಿಯೇ ಕಿಡಿ ಹಾರುತ್ತದೆ. ಸಾಮಾನ್ಯ ನಿಕಲ್ ಪ್ಲಗ್‌ಗಳು 20,000ದಿಂದ 40,000 ಕಿ.ಮೀ.ವರೆಗೆ, ದೀರ್ಘ ಬಾಳಿಕೆಯ ಇರಿಡಿಯಂ ಪ್ಲಗ್‌ಗಳು 80,000ದಿಂದ 1,00,000 ಕಿ.ಮೀ.ವರೆಗೆ ಬಾಳುತ್ತವೆ. ಇರಿಡಿಯಂ ಎಂಬ ಹೆಸರಿದ್ದ ಮಾತ್ರಕ್ಕೆ ಎಲ್ಲವೂ ದೀರ್ಘ ಬಾಳಿಕೆಯವಲ್ಲ. ಪೊಟ್ಟಣದ ಮೇಲಿನ ಅಥವಾ ತಯಾರಕರ ಪಟ್ಟಿಯಲ್ಲಿನ ಅವಧಿಯನ್ನು ಗಮನಿಸಬೇಕು.

ಕೈಪಿಡಿಯಲ್ಲಿ ಇರಿಡಿಯಂ ಸೂಚಿಸಿದ್ದರೆ ಇರಿಡಿಯಂ ಪ್ಲಗ್ಗನ್ನೇ ಹಾಕಿಸಬೇಕು. ಅಂಥ ಎಂಜಿನ್‌ನ ಕಾಯಿಲ್ ಮತ್ತು ಬದಲಾವಣೆಯ ಅವಧಿ ಎರಡೂ ಆ ಪ್ಲಗ್‌ಗೆ ಅನುಗುಣವಾಗಿ ನಿಗದಿಯಾಗಿರುತ್ತವೆ. ಕೈಪಿಡಿಯಲ್ಲಿ ನಿಕಲ್ ಸೂಚಿಸಿದ್ದರೆ, ಅದೇ ಅಳತೆ ಮತ್ತು ಹೀಟ್ ರೇಂಜಿನ ಇರಿಡಿಯಂ ಹಾಕಿಸುವುದು ಮಾಲೀಕರ ಇಚ್ಛೆಗೆ ಬಿಟ್ಟದ್ದು. ಈ ಆಯ್ಕೆಗೆ ಕೆಳಗಿನ ಲೆಕ್ಕ ಸಹಾಯಕವಾಗಬಹುದು. ಇದರಲ್ಲಿನ ದರಗಳು ಲೆಕ್ಕದ ಅನುಕೂಲಕ್ಕಾಗಿ ಮಾತ್ರ. ಮಾಲೀಕರು ತಮ್ಮ ಊರಿನ ದರ ಹಾಕಿಕೊಳ್ಳಬೇಕು.

ನಾಲ್ಕು ಸಿಲಿಂಡರ್ ಕಾರು. ನಿಕಲ್ ಪ್ಲಗ್ ಒಂದಕ್ಕೆ 150 ರೂ., ಇರಿಡಿಯಂ ಒಂದಕ್ಕೆ 700 ರೂ., ಪ್ರತಿ ಬಾರಿಯ ಕೂಲಿ 150 ರೂ.; ನಿಕಲ್ 25,000 ಕಿ.ಮೀ.ಗೆ, ಇರಿಡಿಯಂ 1,00,000 ಕಿ.ಮೀ.ಗೆ ಬದಲಾವಣೆ ಎಂದು ಭಾವಿಸಿದಲ್ಲಿ:

1,00,000 ಕಿ.ಮೀ. ಓಡಿಸುವವರಿಗೆ: ನಿಕಲ್ ನಾಲ್ಕು ಬಾರಿ, ಒಟ್ಟು 3,000 ರೂ.; ಇರಿಡಿಯಂ ಒಂದು ಬಾರಿ, ಒಟ್ಟು 2,950 ರೂ.

15 ವರ್ಷ ಮುಗಿದು 5 ವರ್ಷಗಳಿಗೆ ನವೀಕರಣಗೊಂಡ, ವರ್ಷಕ್ಕೆ 6,000 ಕಿ.ಮೀ. ಓಡುವ ಕಾರಿಗೆ (ಒಟ್ಟು 30,000 ಕಿ.ಮೀ.): ನಿಕಲ್ ಎರಡು ಬಾರಿ, ಒಟ್ಟು 1,500 ರೂ.; ಇರಿಡಿಯಂ ಒಂದು ಬಾರಿ, 2,950 ರೂ.

ಹೆಚ್ಚು ಓಡುವ ಕಾರಿಗೆ ವೆಚ್ಚ ಸರಿಸಮವಾಗಿದ್ದು, ಪದೇ ಪದೇ ಗ್ಯಾರೇಜಿಗೆ ಹೋಗುವ ತೊಂದರೆ ತಪ್ಪುತ್ತದೆ. ಕಡಿಮೆ ಓಡುವ ಹಳೆಯ ಕಾರಿಗೆ ನಿಕಲ್ ಪ್ಲಗ್ಗೇ ಮಿತವ್ಯಯಕರ. ದುಬಾರಿ ಪ್ಲಗ್ ಹಾಕಿಸಿದ ಮಾತ್ರಕ್ಕೆ ಸುಸ್ಥಿತಿಯಲ್ಲಿರುವ ಎಂಜಿನ್‌ನ ಶಕ್ತಿ ಅಥವಾ ಮೈಲೇಜ್ ಎದ್ದು ಕಾಣುವಂತೆ ಹೆಚ್ಚುವುದಿಲ್ಲ.

6. ಹಳೆಯ ಪ್ಲಗ್ ತಿಳಿಸುವ ವಿಷಯಗಳು

ತೆಗೆದ ಹಳೆಯ ಪ್ಲಗ್‌ಗಳನ್ನು ಮೆಕ್ಯಾನಿಕ್‌ನಿಂದ ಸಿಲಿಂಡರ್‌ವಾರು ಕೇಳಿ ಪಡೆದು ಪರಿಶೀಲಿಸುವುದು ಅಪೇಕ್ಷಣೀಯ. ಅವುಗಳ ತುದಿಯ ಬಣ್ಣವು ಎಂಜಿನ್‌ನ ಸ್ಥಿತಿಯನ್ನು ತಿಳಿಸುತ್ತದೆ.

ತಿಳಿ ಕಂದು ಅಥವಾ ಬೂದು ಬಣ್ಣ: ಎಂಜಿನ್ ಸುಸ್ಥಿತಿಯಲ್ಲಿದೆ.
ಒಣ ಕಪ್ಪು ಮಸಿ: ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದೆ, ಏರ್ ಫಿಲ್ಟರ್ ಕಟ್ಟಿದೆ, ಕಿಡಿ ದುರ್ಬಲವಾಗಿದೆ ಅಥವಾ ಪ್ಲಗ್ ಅಗತ್ಯಕ್ಕಿಂತ ಕೋಲ್ಡ್ ಆಗಿದೆ.
ಎಣ್ಣೆಯ ಜಿಡ್ಡು: ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದು ಎಂಜಿನ್ ಆಯಿಲ್ ಒಳಬರುತ್ತಿದೆ. ಇದಕ್ಕೆ ಹೊಸ ಪ್ಲಗ್ ತಾತ್ಕಾಲಿಕ ಪರಿಹಾರ ಮಾತ್ರ.
ಬಿಳಿಚಿಕೊಂಡು ಗುಳ್ಳೆ ಎದ್ದ ತುದಿ: ವಿಪರೀತ ಶಾಖ. ಪ್ಲಗ್ ಅಗತ್ಯಕ್ಕಿಂತ ಹಾಟ್ ಆಗಿರಬಹುದು, ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿರಬಹುದು ಅಥವಾ ಕೂಲಿಂಗ್ ವ್ಯವಸ್ಥೆಯಲ್ಲಿ ದೋಷವಿರಬಹುದು.
ದುಂಡಗೆ ಸವೆದ ಎಲೆಕ್ಟ್ರೋಡ್: ಬದಲಾವಣೆಯ ಅವಧಿ ಮೀರಿದೆ.

ಎಲ್ಲ ಪ್ಲಗ್‌ಗಳೂ ಒಂದೇ ರೀತಿ ಕಪ್ಪಾಗಿದ್ದರೆ ಇಡೀ ಎಂಜಿನ್‌ಗೆ ಸಂಬಂಧಿಸಿದ ಕಾರಣವನ್ನೂ, ಒಂದು ಮಾತ್ರ ಬೇರೆಯಾಗಿದ್ದರೆ ಆ ಸಿಲಿಂಡರ್‌ನ ಕಾರಣವನ್ನೂ ಹುಡುಕಬೇಕು.

7. ಖರೀದಿ ಮಾಡುವಾಗ ವಹಿಸಬೇಕಾದ ಎಚ್ಚರಿಕೆ

ಪ್ರಸಿದ್ಧ ಕಂಪನಿಗಳ ಹೆಸರಿನ ನಕಲಿ ಪ್ಲಗ್‌ಗಳು, ವಿಶೇಷವಾಗಿ ಇರಿಡಿಯಂ ಹೆಸರಿನವು, ಮಾರುಕಟ್ಟೆಯಲ್ಲಿ ಕಂಡುಬರುತ್ತವೆ. ಅಧಿಕೃತ ಮಾರಾಟಗಾರರಲ್ಲಿ ಅಥವಾ ವಾಹನ ಕಂಪನಿಯ ಸೇವಾ ಕೇಂದ್ರದಲ್ಲಿ ಖರೀದಿಸಿ, ಪ್ಲಗ್ ಸಂಖ್ಯೆ ನಮೂದಿಸಿದ ಜಿ.ಎಸ್.ಟಿ. ರಸೀದಿಯನ್ನು ತಪ್ಪದೆ ಪಡೆಯಬೇಕು. ಪೊಟ್ಟಣ ತೆರೆದಾಗ ಕೆಳಕಂಡ ಲಕ್ಷಣಗಳಿದ್ದಲ್ಲಿ ಪ್ಲಗ್ಗನ್ನು ಹಾಕಿಸದೆ ಹಿಂದಿರುಗಿಸಬೇಕು:

ಅ) ಪೊಟ್ಟಣದ ಮೇಲಿನ ಸಂಖ್ಯೆಗೂ ಪ್ಲಗ್ ಮೇಲಿನ ಸಂಖ್ಯೆಗೂ ವ್ಯತ್ಯಾಸ
ಆ) ಬೆರಳಿನಿಂದ ಉಜ್ಜಿದರೆ ಅಳಿಸುವ ಅಥವಾ ಓರೆಯಾದ ಮುದ್ರಣ
ಇ) ಒರಟಾದ ಥ್ರೆಡ್ ಅಥವಾ ಸಡಿಲವಾಗಿ ಕಳಚಿಬರುವ ವಾಷರ್
ಈ) ಪರಸ್ಪರ ನೇರವಾಗಿ ಕೂರದ ಎಲೆಕ್ಟ್ರೋಡ್‌ಗಳು, ಒಂದೇ ಸೆಟ್‌ನಲ್ಲಿ ಬೇರೆ ಬೇರೆ ಗ್ಯಾಪ್
ಉ) ಬಿಳಿ ಪಿಂಗಾಣಿಯಲ್ಲಿ ಬಿರುಕು

ಮಾರಾಟಗಾರರು ಪರಿಹಾರ ನೀಡದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು ಅಥವಾ ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರ ಅನ್ವಯ ಎರಡು ವರ್ಷಗಳ ಒಳಗಾಗಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಬಹುದು. ರಸೀದಿ ಇಲ್ಲದಿದ್ದಲ್ಲಿ ಖರೀದಿಯನ್ನು ರುಜುವಾತುಪಡಿಸುವುದು ಕಷ್ಟವಾಗುತ್ತದೆ.

8. ಅಳವಡಿಕೆ

ಪ್ಲಗ್‌ಗಳನ್ನು ಎಂಜಿನ್ ಪೂರ್ತಿ ತಣ್ಣಗಾದ ನಂತರವೇ ಬದಲಾಯಿಸಬೇಕು. ಬಿಸಿ ಇರುವ ಅಲ್ಯೂಮಿನಿಯಂ ಸಿಲಿಂಡರ್ ಹೆಡ್‌ನಿಂದ ಪ್ಲಗ್ ತೆಗೆದರೆ ಥ್ರೆಡ್ ಕಿತ್ತುಬರುವ ಸಂಭವವಿದೆ. ತೆಗೆಯುವ ಮುನ್ನ ಸುತ್ತಲಿನ ಧೂಳನ್ನು ಗಾಳಿಯಿಂದ ಊದಿ ತೆಗೆಯಬೇಕು. ಗ್ಯಾಪನ್ನು ಫೀಲರ್ ಗೇಜ್‌ನಿಂದ ಅಳೆಯಬೇಕು. ಇರಿಡಿಯಂ ಪ್ಲಗ್‌ನ ತೆಳು ತುದಿಯನ್ನು ಮೀಟುವುದಾಗಲೀ ಬಗ್ಗಿಸುವುದಾಗಲೀ ಕೂಡದು.

ಹೊಸ ಪ್ಲಗ್ಗನ್ನು ಮೊದಲು ಕೈಯಿಂದಲೇ ಕೊನೆಯವರೆಗೆ ತಿರುಗಿಸಿ, ಅನಂತರ ಸ್ಪ್ಯಾನರ್ ಬಳಸಬೇಕು. ಕೈಪಿಡಿಯಲ್ಲಿ ಬೇರೆ ಸೂಚನೆ ಇಲ್ಲದಿದ್ದಲ್ಲಿ ವಾಷರ್ ಸಹಿತ 14 ಮಿ.ಮೀ. ಪ್ಲಗ್‌ಗೆ 25ರಿಂದ 30, 12 ಮಿ.ಮೀ.ಗೆ 15ರಿಂದ 20, 10 ಮಿ.ಮೀ.ಗೆ 10ರಿಂದ 12 ನ್ಯೂಟನ್ ಮೀಟರ್ ಬಿಗಿ ಸಾಕು. ಟಾರ್ಕ್ ರೆಂಚ್ ಇಲ್ಲದಿದ್ದಲ್ಲಿ, 14 ಮಿ.ಮೀ.ನ ಹೊಸ ವಾಷರ್ ಪ್ಲಗ್ಗನ್ನು ಕೈಬಿಗಿಯ ನಂತರ ಅರ್ಧದಿಂದ ಮೂರನೆಯ ಎರಡು ಸುತ್ತು ಮಾತ್ರ ತಿರುಗಿಸಬೇಕು. ವಾಷರ್ ಇಲ್ಲದ ಪ್ಲಗ್‌ಗೆ ಹದಿನಾರನೆಯ ಒಂದು ಸುತ್ತು ಸಾಕಾಗುತ್ತದೆ. ಅತಿ ಬಿಗಿಯಿಂದ ಥ್ರೆಡ್ ಹಾಳಾಗುತ್ತದೆ, ಸಡಿಲವಾದರೆ ಶಾಖ ದಾಟದೆ ಪ್ಲಗ್ ಸುಡುತ್ತದೆ.

9. ಹೊಗೆ ತಪಾಸಣೆಯಲ್ಲಿ ಅನುತ್ತೀರ್ಣವಾದಲ್ಲಿ ಅನುಸರಿಸಬಹುದಾದ ಕ್ರಮ

ಮೊದಲು ತಪಾಸಣಾ ಕೇಂದ್ರದಿಂದ ಅಳತೆಗಳ ವಿವರ ಪಡೆಯಬೇಕು. ಹೈಡ್ರೋಕಾರ್ಬನ್ ಮಾತ್ರ ಮಿತಿ ಮೀರಿದ್ದು ಎಂಜಿನ್ ನಡುಗುತ್ತಿದ್ದರೆ ಪ್ಲಗ್, ಕಾಯಿಲ್ ಮತ್ತು ವೈರ್‌ಗಳನ್ನು ಮೊದಲು ಪರಿಶೀಲಿಸಬೇಕು. ಕಾರ್ಬನ್ ಮಾನಾಕ್ಸೈಡ್ ಹೆಚ್ಚಿದ್ದು ಎಂಜಿನ್ ನುಣುಪಾಗಿ ಓಡುತ್ತಿದ್ದರೆ ಏರ್ ಫಿಲ್ಟರ್, ಆಕ್ಸಿಜನ್ ಸೆನ್ಸರ್ ಮತ್ತು ಇಂಧನ ವ್ಯವಸ್ಥೆಯ ಕಡೆ ಗಮನ ಹರಿಸಬೇಕು. ಇಲ್ಲಿ ಪ್ಲಗ್ ಬದಲಾವಣೆಯಿಂದ ಪ್ರಯೋಜನ ಕಡಿಮೆ. ದುರಸ್ತಿಯ ನಂತರ ಕಾರನ್ನು 15-20 ನಿಮಿಷ ಓಡಿಸಿ, ಎಂಜಿನ್ ಮತ್ತು ಕನ್ವರ್ಟರ್ ಬಿಸಿಯಾದ ಮೇಲೆ ಮರುತಪಾಸಣೆಗೆ ಹೋಗಬೇಕು. ತಣ್ಣಗಿನ ಕನ್ವರ್ಟರ್ ಕೆಲಸ ಮಾಡದ ಕಾರಣ ಸುಸ್ಥಿತಿಯ ಕಾರು ಸಹ ಅನುತ್ತೀರ್ಣವಾಗಬಹುದು.

ನೋಂದಣಿ ನವೀಕರಣಕ್ಕೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸುವವರು ಈ ಪರಿಶೀಲನೆಯನ್ನು ವಾಹನ ತಪಾಸಣೆಯ ದಿನಕ್ಕೆ ಕೆಲವು ದಿನ ಮೊದಲೇ ಮುಗಿಸಿಕೊಳ್ಳುವುದು ಸೂಕ್ತ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಪ್ಲಗ್ ಬದಲಾಯಿಸಲು ಪ್ರಾದೇಶಿಕ ಸಾರಿಗೆ ಕಚೇರಿಯ ಅನುಮತಿ ಬೇಕೇ?
ಉತ್ತರ: ಬೇಕಿಲ್ಲ. ಇದು ಸಾಮಾನ್ಯ ನಿರ್ವಹಣಾ ಕಾರ್ಯ.

ಪ್ರಶ್ನೆ: ಒಂದೇ ಪ್ಲಗ್ ಕೆಟ್ಟಿದ್ದರೆ ಅದನ್ನು ಮಾತ್ರ ಬದಲಾಯಿಸಬಹುದೇ?
ಉತ್ತರ: ತುರ್ತಿನಲ್ಲಿ ಬದಲಾಯಿಸಬಹುದು. ಆದರೆ ಉಳಿದವುಗಳೂ ಅಷ್ಟೇ ಓಡಿರುವುದರಿಂದ ಎಲ್ಲವನ್ನೂ ಒಟ್ಟಿಗೆ ಬದಲಾಯಿಸುವುದು ಉತ್ತಮ.

ಪ್ರಶ್ನೆ: ಹಳೆಯ ಪ್ಲಗ್ ಸ್ವಚ್ಛಗೊಳಿಸಿ ಬಳಸಬಹುದೇ?
ಉತ್ತರ: ಅವಧಿ ಮುಗಿಯದ ನಿಕಲ್ ಪ್ಲಗ್‌ನ ಮಸಿ ತೆಗೆದು ಗ್ಯಾಪ್ ಸರಿಪಡಿಸಿ ಸ್ವಲ್ಪ ಕಾಲ ಬಳಸಬಹುದು. ಸವೆದ ಲೋಹ ಮರಳಿ ಬರುವುದಿಲ್ಲ. ಇರಿಡಿಯಂ ಮತ್ತು ಪ್ಲಾಟಿನಂ ಪ್ಲಗ್‌ಗಳನ್ನು ತಂತಿ ಬ್ರಷ್‌ನಿಂದ ಉಜ್ಜಬಾರದು.

ಪ್ರಶ್ನೆ: ಸಿ.ಎನ್.ಜಿ. ಅಥವಾ ಎಲ್.ಪಿ.ಜಿ. ಕಿಟ್ ಇರುವ ಕಾರಿಗೆ ಯಾವ ಪ್ಲಗ್?
ಉತ್ತರ: ವಾಹನ ಅಥವಾ ಕಿಟ್ ತಯಾರಕರು ಸೂಚಿಸಿದ ಪ್ಲಗ್ ಮತ್ತು ಗ್ಯಾಪ್ ಅನುಸರಿಸಬೇಕು. ಅನಿಲ ಇಂಧನಕ್ಕೆ ಹೆಚ್ಚಿನ ವೋಲ್ಟೇಜ್ ಬೇಕಾಗುವುದರಿಂದ ಪ್ಲಗ್ ಬೇಗ ಸವೆಯುತ್ತದೆ. ಕಿಟ್ ಅಳವಡಿಕೆಯು ನೋಂದಣಿ ಪ್ರಮಾಣಪತ್ರದಲ್ಲಿ ನಮೂದಾಗಿರಬೇಕು.

ಪ್ರಶ್ನೆ: ಎಂಜಿನ್ ಎಚ್ಚರಿಕೆ ದೀಪ ಮಿನುಗುತ್ತಿದ್ದರೆ ಏನು ಮಾಡಬೇಕು?
ಉತ್ತರ: ಮಿನುಗುವ ದೀಪವು ಸಾಮಾನ್ಯವಾಗಿ ತೀವ್ರ ಮಿಸ್ಸಿಂಗ್‌ನ ಸೂಚನೆ. ಸುರಕ್ಷಿತ ಸ್ಥಳದಲ್ಲಿ ವಾಹನ ನಿಲ್ಲಿಸಿ ಮೆಕ್ಯಾನಿಕ್‌ನ ನೆರವು ಪಡೆಯಬೇಕು. ಸ್ಕ್ಯಾನರ್‌ನಲ್ಲಿ 'ಪಿ 0301' ಎಂದು ಬಂದರೆ ಒಂದನೆಯ, 'ಪಿ 0302' ಎಂದು ಬಂದರೆ ಎರಡನೆಯ ಸಿಲಿಂಡರ್‌ನಲ್ಲಿ ದೋಷವಿದೆ ಎಂದರ್ಥ.

ಸೂಚನೆ: ಇಲ್ಲಿ ಹೆಸರಿಸಿರುವ ಕಂಪನಿಗಳು ಮತ್ತು ವಾಹನ ಮಾದರಿಗಳು ಉದಾಹರಣೆಗಾಗಿ ಮಾತ್ರ, ಯಾವುದೇ ಉತ್ಪನ್ನವನ್ನು ಶಿಫಾರಸು ಮಾಡಿರುವುದಿಲ್ಲ. ಈ ಮಾಹಿತಿಗೂ ವಾಹನದ ಮಾಲೀಕರ ಕೈಪಿಡಿಗೂ ವ್ಯತ್ಯಾಸ ಕಂಡುಬಂದಲ್ಲಿ ಕೈಪಿಡಿಯ ಸೂಚನೆಯೇ ಅಂತಿಮ.